ಕೆಂಟಕಿ ಸಂಸ್ಥಾನದ ಸೈನ್ಯಭರ್ತಿ (೧೮೬೧–೧೮೬೫)

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೮೬೧ರಿಂದ ೧೮೬೫ರ ವರೆಗೆ ನಡೆದ ಅಂತರ್ಯುದ್ಧವನ್ನು ‘ಅಣ್ಣತಮ್ಮಂದಿರ ಕಾಳಗ’ವೆಂದು ವರ್ಣಿಸುವುದು ರೂಢಿ. ಉತ್ತರ ದಕ್ಷಿಣಗಳ ಎಲ್ಲೆಯಲ್ಲಿದ್ದ ಕೆಂಟಕಿಯು ಇದಕ್ಕೆ ಮುಖ್ಯೋದಾಹರಣೆ. ಲಿಂಕನ್ನನೂ ದಕ್ಷಿಣದ ಒಕ್ಕೂಟದ ಅಧ್ಯಕ್ಷನಾದ ಜೆಫರ್ಸನ್ ಡೇವಿಸನೂ ಹುಟ್ಟಿದುದು ಅಲ್ಲಿಯೇ. ರಾಜನೀತಿಜ್ಞನಾದ ಕ್ರಿಟೆಂಡನ್ನನ ಮಕ್ಕಳಲ್ಲಿ ಥಾಮಸನು ಉತ್ತರದಲ್ಲಿಯೂ ಜಾರ್ಜನು ದಕ್ಷಿಣದಲ್ಲಿಯೂ ಸೇನಾಪತಿಗಳಾದರು. ಈ ವರ್ಣನೆಯು ಸುಳ್ಳಲ್ಲ. ಆದರೆ ಅಸಮಗ್ರವೆಂಬುದು ದಂಡಿನ ಭರ್ತಿಯ ಕ್ರಮವನ್ನು ಪರಿಶೀಲಿಸಿದರೆ ವಿದಿತವಾಗುವುದು.

೧೮೬೧ನೆಯ ಏಪ್ರಿಲಿನಲ್ಲಿ ಲಿಂಕನ್ನನು ೭೫,೦೦೦ ಮಂದಿ ಸೈನಿಕರನ್ನು ಕೇಳಲು, ಕೆಂಟಕಿಯ ಗವರ್ನರ್ ಮಗಾಫಿನ್ನನು ಒಬ್ಬನನ್ನೂ ಕೊಡೆನೆಂದನು. ದಕ್ಷಿಣದವರ ಕೋರಿಕೆಯನ್ನೂ ಮನ್ನಿಸಲಿಲ್ಲ. ಮೇ ತಿಂಗಳಲ್ಲಿ ಸಂಸ್ಥಾನವು ತಟಸ್ಥವೆಂದು ಘೋಷಿತವಾಯಿತು. ಭಾರತಯುದ್ಧದಲ್ಲಿ ಬಲರಾಮನು ತೀರ್ಥಯಾತ್ರೆಗೆ ಹೊರಟು ತಾಟಸ್ಥ್ಯವನ್ನು ಉಳಿಸಿಕೊಂಡನು. ನಾಡಾದರೋ ಇದ್ದಲ್ಲಿಯೇ ಇರಬೇಕಷ್ಟೆ. ದಕ್ಷಿಣದ ಪಕ್ಷಪಾತಿಗಳು ಟೆನೆಸಿಯ ಕ್ಯಾಂಪ್ ಬೂನಿಗೂ, ಐಕ್ಯಪಕ್ಷದವರು ಒಹಾಯೋ ನದಿಯಾಚೆಯ ಕ್ಯಾಂಪ್ ಜೋ ಹೋಲ್ಟಿಗೂ ಹೋಗಿ ಹೆಸರು ಬರೆಯಿಸಿದರು. ಆಗಸ್ಟಿನಲ್ಲಿ ಕ್ಯಾಂಪ್ ಡಿಕ್ ರಾಬಿನ್ಸನ್ ಎಂಬ ಐಕ್ಯಪಕ್ಷದ ಪಾಳೆಯವು ಸಂಸ್ಥಾನದೊಳಗೇ ಎದ್ದಿತು. ಸೆಪ್ಟೆಂಬರಿನಲ್ಲಿ ದಕ್ಷಿಣದ ಪೋಕನು ಕೊಲಂಬಸ್ ಪಟ್ಟಣವನ್ನೂ ಉತ್ತರದ ಗ್ರಾಂಟನು ಪಡುಕಾವನ್ನೂ ಹಿಡಿಯಲು, ತಾಟಸ್ಥ್ಯವು ಮುಗಿದು ಶಾಸನಸಭೆಯು ಐಕ್ಯಪಕ್ಷವನ್ನು ಅವಲಂಬಿಸಿತು.

ಮನಸ್ಸಿನ ಒಲವು ಬೇರೆ, ಭರ್ತಿಯಾಗುವುದು ಬೇರೆ. ೧೮೬೨ರಲ್ಲಿ ದಕ್ಷಿಣದ ಸೇನಾಪತಿ ಬ್ರಾಗನು ಹೊಸಬರಿಗೆಂದು ಸಾವಿರಾರು ಬಂದೂಕುಗಳನ್ನು ಬಂಡಿಗಳಲ್ಲಿ ಹೇರಿಕೊಂಡು ಕೆಂಟಕಿಯನ್ನು ಹೊಕ್ಕನು. ಅವನ್ನು ಹಿಡಿಯಲು ಬಂದವರು ವಿರಳ. ಅಕ್ಟೋಬರ್ ೮ರ ಪೆರಿವಿಲ್ ಕದನದ ತರುವಾಯ ಅವನು ಹಿಂದೆಗೆದನು.

ಇಷ್ಟರ ವರೆಗೆ ಹೇಳಿದುದು ಬಿಳಿಯರ ಮಾತು. ಯಾವ ಪಕ್ಷವೆಂದು ಯಾರೂ ಕೇಳದಿದ್ದ ಜನವೊಂದು ಅಲ್ಲಿ ಉಂಟು: ಕಪ್ಪು ದಾಸರು. ಕೆಂಟಕಿಯು ಸಂಯುಕ್ತ ಸಂಸ್ಥಾನಗಳಲ್ಲಿಯೇ ಉಳಿದುದರಿಂದ ೧೮೬೩ರ ವಿಮೋಚನ ಘೋಷಣೆಯು ಅದಕ್ಕೆ ಅನ್ವಯಿಸಲಿಲ್ಲ. ೧೮೬೪ರಲ್ಲಿ ದಾಸರ ಭರ್ತಿಯು ಮೊದಲಾದಾಗ ಒಡೆಯನ ಸಮ್ಮತಿಯು ಬೇಕಾಗಿದ್ದಿತು. ಕೆಲವೇ ತಿಂಗಳಲ್ಲಿ ಆ ನಿರ್ಬಂಧವು ಹೋಯಿತು. ದಂಡಿಗೆ ಸೇರಿದವನು ಸ್ವತಂತ್ರನು. ಸುಮಾರು ೨೪,೦೦೦ ಕಪ್ಪು ಸೈನಿಕರು ಈ ಸಂಸ್ಥಾನದಿಂದ ಹೊರಟರು. ಅವರಲ್ಲಿ ೧೦,೦೦೦ಕ್ಕೂ ಮಿಕ್ಕವರು ಕ್ಯಾಂಪ್ ನೆಲ್ಸನ್ನಿನಲ್ಲಿ ಸೇರಿದವರು.

ಆದರೆ ಅವರ ಹೆಂಡಿರು ಮಕ್ಕಳು ಒಡೆಯರ ಸ್ವತ್ತಾಗಿಯೇ ಉಳಿದರು. ಗಂಡಂದಿರ ಬೆನ್ನುಹಿಡಿದು ಪಾಳೆಯಕ್ಕೆ ಬಂದಿದ್ದ ಸುಮಾರು ೪೦೦ ಮಂದಿಯನ್ನು ೧೮೬೪ನೆಯ ನವೆಂಬರಿನ ಕೊರೆಯುವ ಚಳಿಯಲ್ಲಿ ಸೈನ್ಯಾಧಿಕಾರಿಗಳು ಹೊರದೂಡಿದರು. ೧೦೨ ಮಂದಿ ಸತ್ತರು. ಈ ಕ್ರೌರ್ಯವು ಪತ್ರಿಕೆಗಳಲ್ಲಿ ಪ್ರಕಟವಾಗಿ ಕೋಲಾಹಲವೆದ್ದಿತು. ೧೮೬೫ನೆಯ ಮಾರ್ಚಿ ೩ರಲ್ಲಿ ಸೈನಿಕನ ಹೆಂಡತಿಮಕ್ಕಳಿಗೂ ಬಿಡುಗಡೆಯನ್ನು ವಿಧಿಸುವ ಶಾಸನವಾಯಿತು. ಅಲ್ಲಿ ಉಳಿದ ದಾಸರಿಗೆ ವಿಮೋಚನೆಯಾದುದು ಆ ವರ್ಷದ ಡಿಸೆಂಬರಿನಲ್ಲಿ, ರಾಜ್ಯಾಂಗದ ಹದಿಮೂರನೆಯ ತಿದ್ದುಪಡಿಯಿಂದ.

ಇದರಿಂದ ಸಿದ್ಧವಾಗುವುದೇನೆಂದರೆ, ಕ್ರಿಟೆಂಡನ್ ಸೋದರರಿಗೆ ಭರ್ತಿಯು ಪಕ್ಷದ ಆಯ್ಕೆ. ದಾಸನಿಗೆ ಅದು ತನ್ನ ದೇಹಕ್ಕೆ ತಾನೇ ಒಡೆಯನಾಗುವ ಮಾರ್ಗ. ಪಟ್ಟಿಯಲ್ಲಿ ಇಬ್ಬರ ಹೆಸರೂ ಒಂದೇ ಮಸಿಯಲ್ಲಿ ಬರೆಯಲ್ಪಟ್ಟಿರಬಹುದು, ಅರ್ಥವು ಒಂದಲ್ಲ. ‘ಅಣ್ಣತಮ್ಮಂದಿರ ಕಾಳಗ’ವೆಂಬ ಮಾತನ್ನು ಪಾಠದಲ್ಲಿ ಬಳಸುವವರು ಈ ಭೇದವನ್ನೂ ವಿದ್ಯಾರ್ಥಿಗಳಿಗೆ ತಿಳಿಸುವುದು ಉಚಿತ.