ನಮ್ಮ ಕಾಲಡಿಯ ಕಡಲು

ಮನೆಯ ನೆಲಕ್ಕೆ ಹಾಸಿದ ಶಹಾಬಾದಿನ ಕಲ್ಲು ಒಮ್ಮೆ ಕಡಲಿನ ಕೆಸರಾಗಿದ್ದಿತೆಂಬುದನ್ನು ವಾಚಕರು ಬಲ್ಲರೇ? ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಚಿತ್ತಾಪುರ, ವಾಡಿ, ಸೇಡಂಗಳ ನೆಲವನ್ನು 54 ಕೋಟಿ ವರ್ಷಗಳಿಗೂ ಹಿಂದೆ ಆಳವಲ್ಲದ ಸಮುದ್ರವು ಮುಚ್ಚಿದ್ದಿತು. ಆಗ ಮರವಿಲ್ಲ, ಮೀನಿಲ್ಲ, ಹಕ್ಕಿಯಿಲ್ಲ. ನೀರಿನಿಂದಿಳಿದ ಸುಣ್ಣದ ಕೆಸರು ಪದರಪದರವಾಗಿ ಕಲ್ಲಾಯಿತು. ಆದುದರಿಂದಲೇ ಅದು ಹಲಗೆಯಂತೆ ಸೀಳುವುದು. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟರು ಈ ಶಿಲೆಗಳನ್ನು ಭೀಮಾ ನದಿಯ ಹೆಸರಿನಿಂದಲೇ ವರ್ಣಿಸಿದರು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸವು ಹರಿದುಬಂದು ಇದರ ಮೇಲೆ ಹಾಸಿತು. ಅದು ಸವೆದುದೇ ತೊಗರಿ ಬೆಳೆಯುವ ಎರೆಮಣ್ಣು. ಸುಣ್ಣದ ಕಲ್ಲು ನೆಲಹಾಸಾಯಿತು, ಸಿಮೆಂಟೂ ಆಯಿತು. ಆದರೆ ಅಗೆದು ತೆಗೆದ ಪದರವು ನಮ್ಮ ಕಾಲದಲ್ಲಿ ಮರಳಿ ಹುಟ್ಟದು. ತಾಯಂದಿರು ಮಕ್ಕಳಿಗೆ ಈ ಕಥೆಯನ್ನು ಹೇಳಲಿ. ಬೆಲೆಯರಿತವರೇ ಮಿತವಾಗಿ ಬಳಸುವರು.