ಗಾಳಿಗೆ ಮೊದಲು ಮುಖ ಕೊಡುವ ಅಂಚು

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳು ಮಡಿಚಿ ತಟ್ಟಿ, ಸದ್ದಿಗೆ ಕಿವಿಗೊಡುತ್ತಾರೆ. ತಮ್ಮ ವಿಮಾನವನ್ನು ತಾವೇ ಕಟ್ಟಿಕೊಳ್ಳುವವರೂ ಹೀಗೇ ಮಾಡುತ್ತಾರೆ. ಅವರ ಕೈಯಲ್ಲೊಂದು ನಾಣ್ಯವಿರುತ್ತದೆ. ರೆಕ್ಕೆಯ ಮುಂದಂಚಿನ ಉದ್ದಕ್ಕೂ ಅಂಗುಲ ಅಂಗುಲಕ್ಕೆ ತಟ್ಟುತ್ತಾ ಹೋಗುತ್ತಾರೆ. ಟಣ್ ಎಂದರೆ ಅಂಟು ಕಚ್ಚಿದೆ. ಟೊಳ್ಳು ಸದ್ದು ಬಂದರೆ ಒಳಗೆಲ್ಲೋ ಗಾಳಿ ಉಳಿದಿದೆ. ಅಲ್ಲಿ ಪೆನ್ಸಿಲಿನಿಂದ ಒಂದು ಸುತ್ತು ಎಳೆದು ಮತ್ತೆ ಕೆಲಸಕ್ಕೆ ಕೂರುತ್ತಾರೆ.

ಅಮೆರಿಕದಲ್ಲಿ ಕಾರು ನಿಲ್ಲಿಸುವ ಶೆಡ್ಡಿನಲ್ಲೇ ವಿಮಾನ ಕಟ್ಟುವವರಿದ್ದಾರೆ. ಅವರನ್ನು ಒಂದುಗೂಡಿಸಲು ಪಾಲ್ ಪೊಬೆರೆಜ್ನಿ 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಕಟ್ಟಿದರು. 1970ರಿಂದ ಅದರ ದೊಡ್ಡ ಮೇಳಕ್ಕೆ ಆಷ್ಕಾಷ್ ಎಂಬ ಊರೇ ನೆಲೆ. ಅಮೆರಿಕದ ಕಾನೂನು ಕೇಳುವುದು ಮುಖ್ಯವಾಗಿ ಇಷ್ಟು: ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಕೆಗಾಗಿಯೋ ಹವ್ಯಾಸಕ್ಕಾಗಿಯೋ ಕಟ್ಟುವವರೇ ಮಾಡಿರಬೇಕು.

ಆ ಕೆಲಸಗಳಲ್ಲಿ ಅತ್ಯಂತ ತಾಳ್ಮೆ ಬೇಡುವ ಒಂದು, ರೆಕ್ಕೆಗೆ ಫೈಬರ್‌ಗ್ಲಾಸಿನ ಮುಂದಂಚು ಕೂರಿಸುವುದು. ಎದುರು ಬರುವ ಗಾಳಿ ಮೇಲೆ ಕೆಳಗೆ ಕವಲೊಡೆಯುವುದು ಇಲ್ಲೇ. ಈ ಬಾಗು ಗುಂಡಗೆ, ನುಣುಪಾಗಿದ್ದರೆ ಗಾಳಿ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುತ್ತದೆ. ತೀರಾ ಚೂಪಾದರೆ, ವೇಗ ತಗ್ಗಿಸಿ ಮೂತಿ ಎತ್ತಿದಾಗ ಗಾಳಿ ಬೆನ್ನು ಬಿಟ್ಟು ಸಿಡಿದು, ರೆಕ್ಕೆಯ ಎತ್ತುವ ಬಲ ಥಟ್ಟನೆ ಕುಸಿಯುತ್ತದೆ.

ಬರ್ಟ್ ರುಟಾನ್ ವಿನ್ಯಾಸ ಮಾಡಿದ ವೆರಿಈಜಿ 1975ರಲ್ಲಿ ಹಾರಿದ ಮೇಲೆ ಗಾಜಿನ ನಾರು ಹವ್ಯಾಸಿಗಳ ಕೈಗೆ ಹತ್ತಿರವಾಯಿತು. ಕಾದ ತಂತಿಯಿಂದ ಫೋಮ್ ಕತ್ತರಿಸಿ, ಮೇಲೆ ಗಾಜಿನ ಬಟ್ಟೆ ಹಾಸಿ, ಎಪಾಕ್ಸಿ ಅಂಟು ಕುಡಿಸುವ ರುಟಾನ್ ಅವರ ದಾರಿಗೆ ದುಬಾರಿ ಅಚ್ಚು ಬೇಕಿರಲಿಲ್ಲ. ಆದರೆ ಅವರ ವಿಮಾನವೇ ಮುಂದಂಚಿನ ಸೂಕ್ಷ್ಮವನ್ನೂ ಕಲಿಸಿತು. ಮೂತಿಯ ಬಳಿಯ ಕನಾರ್ಡ್ ಎಂಬ ಪುಟ್ಟ ರೆಕ್ಕೆಯ ಮೇಲೆ ಮಳೆಹನಿ ಕೂತರೆ ಸಾಕು, ಅದರ ಎತ್ತುವ ಬಲ ಕುಗ್ಗಿ ವಿಮಾನ ತಲೆ ತಗ್ಗಿಸುತ್ತಿತ್ತು. ಹುಳುಗಳು ಬಡಿದು ಮೆತ್ತಿಕೊಂಡರೂ ಅದೇ ಪಾಡು. ಆಮೇಲೆ ಜಾನ್ ರಾನ್ಜ್ ಎಂಬ ವಿನ್ಯಾಸಕಾರ ಮಳೆಗೆ ಬೆದರದ ಹೊಸ ಆಕಾರ ಬರೆದುಕೊಟ್ಟರು. ಒಂದು ಹನಿ ನೀರಿನ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಮರದ ಪಕ್ಕೆಲುಬುಗಳಿಗೆ ಬಟ್ಟೆ ಹೊದಿಸುವ ರೆಕ್ಕೆಗಳಲ್ಲಿ ಮುಂದಂಚು ಒಂದು ತೆಳು ಚಿಪ್ಪು. ಪಕ್ಕೆಲುಬಿನ ಮೂತಿಯ ಅಳತೆಗೆ ಫೋಮಿನ ಅಚ್ಚು ಕೊರೆದು, ಅಂಟದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಗಾಜಿನ ಬಟ್ಟೆ ಹಾಸುತ್ತಾರೆ. ಎಳೆಗಳು ಓರೆಯಾಗಿ ಹಾಯಬೇಕು. ತಿರುಚುವ ಬಲವನ್ನು ತಡೆಯುವುದು ಆ ಓರೆ ಎಳೆಗಳೇ. ಎಪಾಕ್ಸಿ ಸುರಿದಾಗ, ಬೋಂಡ ಕಟ್ಟಿದ ಕಾಗದ ಎಣ್ಣೆ ಕುಡಿದಂತೆ, ಬೆಳ್ಳನೆಯ ಬಟ್ಟೆ ಕಣ್ಣೆದುರೇ ಪಾರದರ್ಶಕವಾಗುತ್ತದೆ. ಬಿಳಿ ಚುಕ್ಕೆ ಉಳಿದ ಕಡೆ ಗಾಳಿ ಸಿಕ್ಕಿಕೊಂಡಿದೆ. ಅದನ್ನು ರಬ್ಬರ್ ಪಟ್ಟಿಯಿಂದ ಒತ್ತಿ ಓಡಿಸಬೇಕು. ಜೊತೆಗೆ ಹೆಚ್ಚಾದ ಅಂಟನ್ನೂ ಕೆರೆದು ತೆಗೆಯಬೇಕು, ಮಿಕ್ಕಿದ ಅಂಟಿನಿಂದ ಬಲ ಬಾರದು, ಭಾರ ಬರುತ್ತದೆ. ಕೈಯೂ ಚುರುಕಾಗಿರಬೇಕು: ಕಪ್ಪಿನಲ್ಲಿ ಹೆಚ್ಚು ಕಲಸಿಟ್ಟ ಎಪಾಕ್ಸಿ ತನ್ನಷ್ಟಕ್ಕೇ ಕಾದು ಹೊಗೆಯಾಡುತ್ತದೆ.

ನಿಜವಾದ ಪರೀಕ್ಷೆ ಚಿಪ್ಪನ್ನು ಅಂಟಿಸುವ ದಿನ. ಮೊದಲು ಅಂಟಿಲ್ಲದೆ ಕೂರಿಸಿ, ತಾಗುವ ಕಡೆ ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಮತ್ತೆ ಹೊಂದಿಸುತ್ತಾರೆ. ಹೊಳೆಯುವ ಮೈಗೆ ಅಂಟು ಹಿಡಿಯುವುದಿಲ್ಲವಾದ್ದರಿಂದ ಒಳಮೈಯನ್ನೂ ಮಂಕಾಗುವವರೆಗೆ ತಿಕ್ಕುತ್ತಾರೆ. ಬಳಿಕ ಎಪಾಕ್ಸಿಗೆ ಹತ್ತಿಯ ನುಣ್ಣನೆ ನಾರು ಕಲಸಿ, ಗಟ್ಟಿ ಹಿಟ್ಟಿನ ಹದಕ್ಕೆ ತಂದು, ಪ್ರತಿ ಪಕ್ಕೆಲುಬಿನ ಮೂತಿಗೂ ಮೆತ್ತಿ, ಚಿಪ್ಪನ್ನು ಒತ್ತಿ, ಪಟ್ಟಿಗಳಿಂದ ಬಿಗಿಯುತ್ತಾರೆ. ಒಬ್ಬರು ಬಿಗಿಯುತ್ತಿದ್ದರೆ ಇನ್ನೊಬ್ಬರು ರಸಮಟ್ಟ ಹಿಡಿದು ಒಂದೊಂದು ಪಕ್ಕೆಲುಬಿನ ಕೋನ ನೋಡುತ್ತಿರಬೇಕು. ಚಿಪ್ಪು ಅಂಟಿಕೊಳ್ಳುವವರೆಗೆ ರೆಕ್ಕೆ ಇನ್ನೂ ಕೈಗೆ ತಿರುಚಿಕೊಳ್ಳುತ್ತದೆ. ಅಂಟಿಕೊಂಡ ಮೇಲೆ ಚಿಪ್ಪು ಮತ್ತು ಅದರ ಹಿಂದೆ ರೆಕ್ಕೆಯ ಉದ್ದಕ್ಕೂ ಹಾಯುವ ತೊಲೆ ಸೇರಿ ಮುಚ್ಚಿದ ಕೊಳವೆಯಾಗಿ, ರೆಕ್ಕೆ ಬಿಗಿದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಸೊಟ್ಟವಿದ್ದರೆ ಆ ಸೊಟ್ಟ ಶಾಶ್ವತ. ಅಂಥ ವಿಮಾನ ಒಂದು ಪಕ್ಕಕ್ಕೆ ವಾಲುತ್ತಲೇ ಇರುತ್ತದೆ, ಹಾರಿಸುವವರು ಅದನ್ನು ಎಳೆದು ಹಿಡಿಯುತ್ತಲೇ ಇರಬೇಕು.

ಈ ಕಸುಬು ನಮ್ಮ ಬೆಂಗಳೂರಿಗೂ ಪರಕೀಯವಲ್ಲ. ರುಟಾನ್ ಅವರ ಲಾಂಗ್-ಈಜಿ ವಿನ್ಯಾಸವನ್ನು ಆಧರಿಸಿ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಎನ್ಎಎಲ್ ಕಟ್ಟಿದ ಪುಟ್ಟ ಸಂಶೋಧನಾ ವಿಮಾನ 1987ರಲ್ಲಿ ಹಾರಿತು. 1993ರಲ್ಲಿ ಅದೇ ಸಂಸ್ಥೆಯ ಎರಡಾಸನದ ತರಬೇತಿ ವಿಮಾನ ‘ಹಂಸ’ ಕೂಡ ಗಾಜಿನ ನಾರಿನ ಮೈಯನ್ನೇ ತೊಟ್ಟು ಮೇಲೇರಿತು.

ಮತ್ತೆ ಶೆಡ್ಡಿಗೆ ಬಂದರೆ, ಅಂಟು ಗಟ್ಟಿಯಾದ ಮೇಲೆ ಎಪಾಕ್ಸಿಯಲ್ಲಿ ಕಲಸಿದ ಹುಡಿ ಮೆತ್ತಿ, ಉದ್ದನೆಯ ಮರದ ಪಟ್ಟಿಗೆ ಉಪ್ಪುಕಾಗದ ಸುತ್ತಿ ದಿನಗಟ್ಟಲೆ ತಿಕ್ಕುತ್ತಾರೆ. ಬಿಸಿಲಿನ ಕಾವಿಗೆ ಎಪಾಕ್ಸಿ ಮೆತ್ತಗಾಗದಿರಲೆಂದು ಬಿಳಿ ಬಣ್ಣ ಬಳಿಯುತ್ತಾರೆ. ಅಮೆರಿಕದ ಕಾನೂನಿನಂತೆ ಮೊದಲ ಪರೀಕ್ಷಾ ಹಾರಾಟಗಳು ನಿಗದಿತ ಪ್ರದೇಶದೊಳಗೇ ನಡೆಯಬೇಕು. ಸಾಮಾನ್ಯವಾಗಿ ಆಸನದಲ್ಲಿ ಕೂರುವುದು ಕಟ್ಟಿದವರೇ. ನೋಡಲು ಬಂದವರಿಗೆ ಕಾಣುವುದು ಬಿಳಿಯ ನುಣುಪು. ಅದರ ಕೆಳಗೆ ಎಷ್ಟು ಪೆನ್ಸಿಲ್ ಸುತ್ತುಗಳಿದ್ದವು, ಒಂದನ್ನೂ ಬಿಡದೆ ಬಿಚ್ಚಿ ತುಂಬಿದರೋ ಇಲ್ಲವೋ ಎಂಬುದು ಆಸನದಲ್ಲಿ ಕೂತವರಿಗೆ ಗೊತ್ತು.