ಎರಿ ನೆಲದಾಗ ಜಾಕ್ ನಂಬಬ್ಯಾಡ್ರಿ: ಲಾರಿ ಮೂತಿ ಎತ್ತುವ ಮನೆ ಸ್ಟ್ಯಾಂಡ್

ಅಂತೂರ ಬೆಂತೂರಿನ ಎರಿ ಹೊಲ ಬೇಸಿಗೆಯಲ್ಲಿ ಕಲ್ಲು, ಒಂದು ಮಳೆ ಬಿದ್ದರೆ ಬೆಣ್ಣೆ. ಉಳ್ಳಾಗಡ್ಡಿ ಸಾಗಿಸಲು ಇಟ್ಟುಕೊಂಡ ನಮ್ಮ ಹಳೇ ಲಾರಿಯ ಮುಂದಿನ ಸ್ಪ್ರಿಂಗ್ ಪಾಟಾ ಮುರಿದದ್ದು ಅಂಥ ಮಳೆಯ ಮರುದಿನ. ಹಲಗೆ ಇಟ್ಟು ಜಾಕ್ ಏರಿಸಿದೆವು. ತಮ್ಮ ಗಾಲಿ ಬಿಚ್ಚಲು ಕೂತಿದ್ದ. "ಅಣ್ಣಾ, ಜಾಕ್ ಇಳಿಯಾಕ ಹತ್ತೇತಿ!" ಎಂದು ಹಿಂದಕ್ಕೆ ಹಾರಿದ. ಅವನ ಕಾಲು ಗೇಣಿನಲ್ಲಿ ಉಳಿಯಿತು.

ಬೋರ್‌ವೆಲ್ ಪಂಪ್ ಎತ್ತುವ ಚೈನ್ ಪುಲ್ಲಿ ನಾವೆಲ್ಲ ನೋಡಿದ್ದೇವೆ. ಅದನ್ನೇ ಲಾರಿಗೂ ಹಚ್ಚಬಹುದಲ್ಲ ಎಂದು ಆಗ ಹೊಳೆಯಿತು.

ಮೊದಲು ಭಾರ ತಿಳಿಯಿರಿ

ಖಾಲಿ ಲಾರಿಯ ಮುಂದಿನ ಗಾಲಿಗಳನ್ನಷ್ಟೇ ತೂಕದ ಕಾಟಾ ಮೇಲೆ ನಿಲ್ಲಿಸಿದೆವು. 2 ಟನ್ 400 ಕಿಲೋ ಬಂತು. ಹಾಗಾಗಿ 3 ಟನ್ನಿನ ಚೈನ್ ಪುಲ್ಲಿ ಆರಿಸಿದೆವು. ತುಂಬಿದ ಲಾರಿಯ ಹಿಂಭಾಗಕ್ಕೆ ಇದು ಬೇಡವೇ ಬೇಡ. ನಾಲ್ಕು ಟೈರಿನ ಒಂದು ಎಕ್ಸೆಲ್ ಮೇಲೆ ಕಾನೂನೇ 2018ರಲ್ಲಿ 11.5 ಟನ್‌ವರೆಗೆ ಬಿಟ್ಟಿದೆ. ಅದು ಕ್ರೇನಿನ ಕೆಲಸ.

ಕಟ್ಟಿದ ಬಗೆ

3 ಇಂಚಿನ, 20 ಅಡಿ ಉದ್ದದ ಎರಡು ದಪ್ಪ ಕಬ್ಬಿಣದ ಪೈಪು ಸಾಕು. ನಡುವೆ ಕೊಯ್ದರೆ 10 ಅಡಿಯ ನಾಲ್ಕು ಕಾಲು. ಎರಡೆರಡು ಕಾಲು ಮೇಲೆ ಕೂಡಿಸಿ, ಕೆಳಗೆ 6 ಅಡಿ ಅಗಲಿಸಿದರೆ ಎತ್ತರ ಒಂಬತ್ತೂವರೆ ಅಡಿ ಸಿಗುತ್ತದೆ. ಇಂಥ ಎರಡು ಜೋಡಿಗಳ ಮೇಲೆ 8 ಇಂಚಿನ ಐ ಆಕಾರದ ಗರ್ಡರ್. ಜೋಡಿಗಳ ನಡುವೆ 8 ಅಡಿ ಅಂತರ.

ಎರಡು ಮಾತು ಮರೆಯಬಾರದು. ಭಾರ ಬಿದ್ದಾಗ ಕಾಲುಗಳು ಹೊರಕ್ಕೆ ಜಾರುತ್ತವೆ, ಆದ್ದರಿಂದ ಬುಡಗಳನ್ನು ಆಂಗಲ್ ಪಟ್ಟಿಯಿಂದ ಬಿಗಿಯಿರಿ. ಗರ್ಡರ್ ಮತ್ತು ಕಾಲು ಸೇರುವ ಮೂಲೆಗೆ ಓರೆ ಪಟ್ಟಿ ಕೊಡದಿದ್ದರೆ ಸ್ಟ್ಯಾಂಡ್ ಪಕ್ಕಕ್ಕೆ ಮಡಚಿ ಬೀಳುತ್ತದೆ. ವೆಲ್ಡಿಂಗ್ ಕೈಪಳಗಿದ ಮಿಸ್ತ್ರಿಯಿಂದಲೇ ಮಾಡಿಸಿ.

ಎತ್ತುವಾಗ

ಹೊಲದಲ್ಲಿ ಬೇಡ, ಗಟ್ಟಿ ಕಣಕ್ಕೆ ಲಾರಿ ಎಳೆದು ತನ್ನಿ. ಪ್ರತಿ ಕಾಲಿನ ಕೆಳಗೆ 2 ಅಡಿ ಚೌಕದ ದಪ್ಪ ಹಲಗೆ ಹಾಕಿ. ಹಿಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಸ್ಟ್ಯಾಂಡು ಲಾರಿಯ ಮುಂದೆ ನಿಲ್ಲಲಿ, ಚಾಸಿಯ ಎರಡೂ ತುದಿಗೆ ಸರಪಳಿ ಸುತ್ತಿ ಕೊಕ್ಕೆ ಹಾಕಿ. ಚೈನು ನೇರ ತೂಗಬೇಕು, ಓರೆ ಎಳೆಯಬಾರದು. ಪುಲ್ಲಿಯ ಕೊಕ್ಕೆ ಬಾಯಿ ತೆರೆದಿದ್ದರೆ ಆ ಪುಲ್ಲಿ ಮುಟ್ಟಬೇಡಿ.

ಮೊದಲು ಅರ್ಧ ಅಡಿ ಎತ್ತಿ ಹತ್ತು ನಿಮಿಷ ದೂರ ನಿಂತು ನೋಡಿ. ಹಲಗೆ ಕುಸಿಯಿತೇ, ವೆಲ್ಡಿಂಗ್ ಬಿರಿಯಿತೇ? ಸರಿ ಇದ್ದರೆ ಮುಂದುವರಿಸಿ. ಅರ್ಧರ್ಧ ಅಡಿಗೆ ಚಾಸಿಯ ಕೆಳಗೆ ಜಾಲಿ ದಿಮ್ಮಿಗಳನ್ನು ಅಡ್ಡ ಉದ್ದ ಪೇರಿಸುತ್ತ ಹೋಗಿ. ಪೇರಿಸುವವರು ಪಕ್ಕದಿಂದಲೇ ದಿಮ್ಮಿ ತಳ್ಳಬೇಕು, ಒಳಗೆ ನುಸುಳಬಾರದು. ಕೊನೆಗೆ ಚೈನು ಸಡಿಲಿಸಿ ಲಾರಿಯನ್ನು ದಿಮ್ಮಿಯ ಮೇಲೆ ಕೂಡಿಸಿ. ಆಮೇಲಷ್ಟೇ ಗಾಲಿಗೆ ಕೈ ಹಾಕಿ.

ಚೈನು ಇರೋದು ಎತ್ತಾಕ, ಹಿಡಿದು ನಿಲ್ಲಾಕ ದಿಮ್ಮಿ. ಪುಲ್ಲಿ ಎಷ್ಟೇ ಹೊಸದಿರಲಿ, ತೂಗುವ ಭಾರದ ಕೆಳಗೆ ತಲೆ ಇಡಬೇಡಿ.

ಪಾಟಾ ಬದಲಿಸಲು ನಮಗೆ ಒಂದು ದಿನ ಹಿಡಿಯಿತು. ಬೋಲ್ಟು ಬಿಚ್ಚಿದರೆ ಸ್ಟ್ಯಾಂಡ್ ಟ್ರೇಲರಿನಲ್ಲಿ ಹೋಗುತ್ತದೆ. ಗರ್ಡರಿನ ತೂಕ ಮಾತ್ರ ಸುಮಾರು 75 ಕಿಲೋ, ಎತ್ತಲು ನಾಲ್ಕು ಜನ ಬೇಕು. ಒಂದೇ ಮನೆಗೆ ಇದು ದುಬಾರಿ, ಓಣಿಯ ನಾಲ್ಕು ಮನೆ ಕೂಡಿ ಮಾಡಿಸಿದರೆ ಹಗುರ. ಈಗ ಟ್ರ್ಯಾಕ್ಟರ್ ಎಂಜಿನ್ ಇಳಿಸಲೂ ನೆರೆಯವರು ಒಯ್ಯುತ್ತಾರೆ. ಒಯ್ಯುವವರಿಗೆ ತಮ್ಮನದು ಒಂದೇ ಕರಾರು: "ದಿಮ್ಮಿನೂ ಜೋಡಿಗೆ ಒಯ್ರಿ, ಇಲ್ಲಾಂದ್ರ ಪುಲ್ಲಿ ಕೊಡೂದಿಲ್ಲ."